ರಿಯಾಯಿತಿಗಿಂತ ಮೊದಲು ತೊಡಕು ತೆಗೆಯಬೇಕು: ದಾವಣಗೆರೆ, ಚಿತ್ರದುರ್ಗದ ಸಣ್ಣ ಉದ್ದಿಮೆಗಳಿಗೆ ಜಿಲ್ಲಾ ಮಟ್ಟದಲ್ಲಿ ಆಗಬೇಕಾದದ್ದೇನು?

ಲೆಕ್ಕಪುಸ್ತಕ, ದಾವಣಗೆರೆ (ವಿಷಯ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವುದು, ಬ್ಯಾಂಕ್ ಸಾಲಕ್ಕೆ ಯೋಜನಾ ವರದಿ ಬರೆದುಕೊಡುವುದು ನನ್ನ ಕೆಲಸ. 2025ರ ಫೆಬ್ರುವರಿಯಲ್ಲಿ ರಾಜ್ಯದ ಹೊಸ ಕೈಗಾರಿಕಾ ನೀತಿ ಪ್ರಕಟವಾದ ಮೇಲೆ ನನ್ನಲ್ಲಿಗೆ ಬರುವ ಬಹುತೇಕರು ಮೊದಲು ಕೇಳುವುದು, ತಮ್ಮ ತಾಲ್ಲೂಕು ಯಾವ ವಲಯದಲ್ಲಿದೆ, ಸಹಾಯಧನ ಎಷ್ಟು ಬರುತ್ತದೆ ಎಂದು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೆಯ ವಲಯದಲ್ಲಿಟ್ಟು, ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚಿನ ರಿಯಾಯಿತಿ ಕೊಟ್ಟಿರುವುದು ಸರಿಯಾದ ಕ್ರಮವೇ. ಆದರೆ ನನ್ನ ಮೇಜಿನ ಮೇಲೆ ಬಂದು ಹೋಗುವ ಕಡತಗಳನ್ನು ನೋಡಿದರೆ, ನಮ್ಮ ಎರಡು ಜಿಲ್ಲೆಗಳ ಉದ್ದಿಮೆದಾರರನ್ನು ಹಿಡಿದು ನಿಲ್ಲಿಸಿರುವುದು ಸಹಾಯಧನದ ಕೊರತೆಯಲ್ಲ. ಸಹಾಯಧನ ಕೇಳುವ ಹಂತಕ್ಕೇ ಅವರು ತಲುಪುತ್ತಿಲ್ಲ.

ಒಂದು ಕಡತದ ಕಥೆ ಹೇಳುತ್ತೇನೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ದಾವಣಗೆರೆಗೆ ಸಿರಿಧಾನ್ಯ, ಚಿತ್ರದುರ್ಗಕ್ಕೆ ಶೇಂಗಾ ಜಿಲ್ಲೆಯ ಉತ್ಪನ್ನವೆಂದು ನಿಗದಿಯಾಗಿದೆ. ಕೇಂದ್ರದ ಶೇ 35ರ ಜೊತೆಗೆ ರಾಜ್ಯ ಶೇ 15 ಸೇರಿಸಿ, ಒಟ್ಟು ಶೇ 50ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಇದಕ್ಕಿಂತ ಉದಾರವಾದ ಯೋಜನೆ ಸಿಗುವುದು ಕಷ್ಟ. ಇದನ್ನು ನಂಬಿ ಒಬ್ಬ ತರುಣ ನವಣೆ, ಸಾಮೆಗಳ ಸಿಪ್ಪೆ ಬಿಡಿಸುವ ಯಂತ್ರಕ್ಕೆ ದರಪಟ್ಟಿ ತಂದ. ಘಟಕ ಹಾಕಬೇಕಾದ ಜಮೀನಿನ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗಾವಣೆ, ಆಗಬೇಕಾದರೆ ಅಣ್ಣತಮ್ಮಂದಿರ ಮಕ್ಕಳೆಲ್ಲ ಒಪ್ಪಬೇಕು. ಭಾಗವಾಗಬೇಕಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅದಕ್ಕೆ ಭೂಮಾಪಕರ ಸರದಿ ಬರಬೇಕು. ಪೋಡಿ, ಅಂದರೆ ಭಾಗಕ್ಕೆ ಪ್ರತ್ಯೇಕ ಸರ್ವೆ ನಂಬರ್, ಆಗದೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂ ಪರಿವರ್ತನೆ ಇಲ್ಲ. ಪರಿವರ್ತನೆಯಾಗದೆ ಪಂಚಾಯಿತಿಯಲ್ಲಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬರುವುದಿಲ್ಲ. ಅವಿಲ್ಲದೆ ಬ್ಯಾಂಕಿನವರು ಕಡತ ತೆರೆಯುವುದಿಲ್ಲ. ಕಟ್ಟಡದ ದಾಖಲೆಯಿಲ್ಲದೆ ಕೈಗಾರಿಕಾ ದರದ ವಿದ್ಯುತ್ ಸಂಪರ್ಕವೂ ಇಲ್ಲ. ಇವುಗಳಲ್ಲಿ ಯಾವ ನಿಯಮವನ್ನೂ ನಾನು ಅನಗತ್ಯವೆನ್ನುವುದಿಲ್ಲ. ಆದರೆ ಒಂದರ ಹಿಂದೆ ಒಂದನ್ನು ನಿಲ್ಲಿಸಿದಾಗ ಎರಡು ಹಂಗಾಮು ಕಳೆದುಹೋಗುತ್ತವೆ, ದರಪಟ್ಟಿಯ ಅವಧಿ ಮುಗಿಯುತ್ತದೆ, ಹುಡುಗ ಬೆಂಗಳೂರಿನ ಬಸ್ ಹತ್ತುತ್ತಾನೆ.

ಇನ್ನು ಇಡೀ ಪ್ರದೇಶದ ಮಟ್ಟದಲ್ಲಿ ನೋಡೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಭಾಗದ ಹೊಸದುರ್ಗ ಮತ್ತು ಚನ್ನಗಿರಿ ಆ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಸಮಿತಿ ಶಿಫಾರಸು ಮಾಡಿತು. ಆ ವರದಿಯ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಅದು ಅಳೆದದ್ದು ರಸ್ತೆ, ಶಾಲೆ, ಬ್ಯಾಂಕು, ನೀರಾವರಿಯಂಥ ಸೌಕರ್ಯಗಳು ಎಷ್ಟಿವೆ ಎಂಬುದನ್ನು. ಒಬ್ಬ ಉದ್ದಿಮೆದಾರ ಅರ್ಜಿ ಹಾಕಿದ ದಿನದಿಂದ ಯಂತ್ರ ತಿರುಗುವ ದಿನದವರೆಗೆ ಎಷ್ಟು ಕಾಲ ಹಿಡಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾವ ತಾಲ್ಲೂಕಿನಲ್ಲೂ ಯಾರೂ ಅಳೆದಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಪರಿಶೀಲಿಸಲು ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ 2024ರಲ್ಲಿ ಸಮಿತಿ ರಚನೆಯಾಗಿರುವುದರಿಂದ, ಈ ಮಾತನ್ನು ಎತ್ತಲು ಇದು ತಕ್ಕ ಕಾಲವೆಂದು ನನಗನ್ನಿಸುತ್ತದೆ.

ನನ್ನ ಸಲಹೆ ಸರಳವಾದದ್ದು. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ ಈಗಾಗಲೇ ಇದೆ. ಅನುಮೋದನೆ ಕೊಟ್ಟ ಯೋಜನೆಗಳ ಪಟ್ಟಿ ಓದುವಲ್ಲಿಗೆ ಅದರ ಕೆಲಸ ಮುಗಿಯಬಾರದು. ಹಿಂದೆ ಅನುಮೋದನೆ ಪಡೆದವರಲ್ಲಿ ಯಾರು ಯಾವ ಇಲಾಖೆಯಲ್ಲಿ, ಯಾವ ಕಾಗದಕ್ಕಾಗಿ ನಿಂತಿದ್ದಾರೆ ಎಂಬುದನ್ನು ಪ್ರತಿ ಸಭೆಯಲ್ಲಿ ಹೆಸರು ಮರೆಮಾಡಿ ಪ್ರಕಟಿಸಬೇಕು. ನಿಮ್ಮ ಅನುಭವಗಳನ್ನು ದಯವಿಟ್ಟು ಬರೆಯಿರಿ.

ಹರಿಹರದ ಲೇತ್

ಸರ್, ತಾವು ಹೇಳಿದ್ದು ಹೊಸದಾಗಿ ಆರಂಭಿಸುವವರ ಕಷ್ಟ. ನಡೆಯುತ್ತಿರುವ ಘಟಕಗಳ ಕಷ್ಟವನ್ನು ನಾನು ಹೇಳುತ್ತೇನೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾದ ಮೇಲೆ ಈ ಊರಿನ ಎರಡು ಮೂರು ತಲೆಮಾರು ಲೇತ್ ಮುಂದೆಯೇ ಬೆಳೆಯಿತು. ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಕೈ ಪಳಗಿದ್ದವರು ಶೆಡ್ ಹಾಕಿಕೊಂಡು ಜಾಬ್ ವರ್ಕ್ ಹಿಡಿದರು, ಅವರ ಹತ್ತಿರ ಕಲಿತವರು ಮತ್ತೆ ಶೆಡ್ ಹಾಕಿದರು. ನಾನು ಅಂಥ ಶೆಡ್ಡೊಂದರಲ್ಲಿ ಕಲಿತವನು.

ನಮ್ಮಲ್ಲಿ ಕೌಶಲ್ಯಕ್ಕೆ ಕೊರತೆಯಿಲ್ಲ, ಆರ್ಡರಿಗೂ ಅಷ್ಟೊಂದು ಕೊರತೆಯಿಲ್ಲ. ಹಣ ಕೈಗೆ ಬರುವುದಿಲ್ಲ, ಅಷ್ಟೇ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ ಖರೀದಿದಾರ ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿ ಮಾಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇಂಥ ಬಾಕಿಯ ದೂರು ಕೇಳುವ ಸೌಲಭ್ಯ ಪರಿಷತ್ತಿನ ತೀರ್ಪನ್ನು ಪ್ರಶ್ನಿಸಬೇಕಾದರೆ ಶೇ 75 ಮೊತ್ತ ಠೇವಣಿ ಇಡಬೇಕು. ಆದಾಯ ತೆರಿಗೆ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಅವಧಿಯೊಳಗೆ ಕೊಡದ ಮೊತ್ತವನ್ನು ಖರೀದಿದಾರ ಆ ವರ್ಷದ ಖರ್ಚೆಂದು ತೋರಿಸಿಕೊಳ್ಳಲೂ ಆಗುವುದಿಲ್ಲ. ಕಾನೂನು ಇಷ್ಟು ಗಟ್ಟಿಯಾಗಿದ್ದರೂ ನಾವು ದೂರು ಕೊಡುವುದಿಲ್ಲ, ಏಕೆಂದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಬರುವುದಿಲ್ಲ. ನನಗೆ ಹಣ ಬಾಕಿ ಉಳಿಸಿಕೊಂಡವರಲ್ಲಿ ಒಂದು ದೊಡ್ಡ ಕಂಪನಿಯೂ ಇದೆ, ಒಂದು ಸರ್ಕಾರಿ ಸಂಸ್ಥೆಯೂ ಇದೆ. ಅವರ ಮೇಲೆ ಕೇಸು ಹಾಕಿ ಅದೇ ಗೇಟಿನ ಮುಂದೆ ಮತ್ತೆ ಚಲನ್ ಹಿಡಿದು ನಿಲ್ಲುವುದು ಹೇಗೆ?

ಆದ್ದರಿಂದ ದೂರು ವ್ಯಕ್ತಿಯ ಹೆಸರಿನಲ್ಲಿ ಹೋಗದೆ, ಸಂಘದ ಮೂಲಕ ಒಟ್ಟಾಗಿ ಹೋಗುವ ದಾರಿ ಬೇಕು. ಕನಿಷ್ಠಪಕ್ಷ ಜಿಲ್ಲೆಯೊಳಗಿನ ಸರ್ಕಾರಿ ಸಂಸ್ಥೆಗಳು ಸಣ್ಣ ಘಟಕಗಳಿಗೆ ಕೊಡಬೇಕಾದ ಬಾಕಿಯನ್ನಾದರೂ ಜಿಲ್ಲಾಧಿಕಾರಿಗಳು ತಿಂಗಳಿಗೊಮ್ಮೆ ಕೇಳಲಿ. ಅದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ.

ಜಗಳೂರು ಸೀಮೆ

ತಾವಿಬ್ಬರೂ ಕಾಗದದ ಮತ್ತು ಹಣದ ಮಾತಾಡಿದಿರಿ, ಎರಡೂ ನಿಜ. ಆದರೆ ನಮ್ಮ ಕಡೆ ಮೊದಲ ತೊಡಕು ನೀರು. ಭದ್ರಾ ಮೇಲ್ದಂಡೆ ಯೋಜನೆಯಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್‌ಗೆ ನೀರು ಕೊಡುವುದಾಗಿ ಹೇಳುತ್ತ ಒಂದು ತಲೆಮಾರು ಕಳೆಯಿತು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆ ಹಣದ ಬಗ್ಗೆ ಕೇಂದ್ರ ಮತ್ತು ರಾಜ್ಯಗಳ ವಾದ ಮುಗಿದಿಲ್ಲ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ನಮ್ಮ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ, ನೀರು ಬಂದ ಕೆರೆಗಳ ಸುತ್ತ ಕೊಳವೆಬಾವಿಗಳು ಚೇತರಿಸಿಕೊಂಡವು. ಬೆಳೆ ಖಾತ್ರಿಯಿಲ್ಲದ ಊರಿನಲ್ಲಿ ಯಾರು ಗಿರಣಿ ಹಾಕುತ್ತಾರೆ, ಯಾವ ಬ್ಯಾಂಕು ಸಾಲ ಕೊಡುತ್ತದೆ?

ನೀರಿನಷ್ಟೇ ನಮ್ಮನ್ನು ಕಾಡುವುದು ಮೆಕ್ಕೆಜೋಳದ ತೇವಾಂಶ. ಅಕ್ಟೋಬರ್, ನವೆಂಬರ್‌ನಲ್ಲಿ ನಮ್ಮ ಕಡೆಯ ಯಾವ ರಸ್ತೆಯಲ್ಲಿ ಹೋದರೂ ಅರ್ಧ ಡಾಂಬರು ಜೋಳದ ರಾಶಿಯಿಂದ ಮುಚ್ಚಿರುವುದನ್ನು ಎಲ್ಲರೂ ನೋಡಿದ್ದೀರಿ. ಕಲ್ಲುಗಳನ್ನು ಸಾಲಾಗಿ ಇಟ್ಟು, ರಾತ್ರಿ ಪಕ್ಕದಲ್ಲೇ ತಾಡಪಾಲು ಹೊದ್ದು ಮಲಗುತ್ತೇವೆ. ಖರೀದಿಗೆ ತೇವಾಂಶ ಶೇ 14ರ ಆಸುಪಾಸಿನಲ್ಲಿರಬೇಕು. ಕೊಯ್ಲಿನ ಹೊತ್ತಿಗೆ ಅದು ಬಹಳ ಹೆಚ್ಚಿರುತ್ತದೆ. ಒಂದು ಮಳೆ ಬಂದರೆ ತೆನೆ ಬೂಷ್ಟು ಹಿಡಿಯುತ್ತದೆ, ಆಗ ಮಂಡಿಯಲ್ಲಿ ಕೇಳುವ ದರವೇ ಬೇರೆ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಗಿದ್ದರೂ, ಒಣಗಿಸಲಾಗದ ರೈತ ಆ ಬೆಲೆಯ ಹತ್ತಿರ ಸುಳಿಯುವುದಿಲ್ಲ.

ನಮ್ಮ ರೈತ ಉತ್ಪಾದಕ ಸಂಸ್ಥೆಯಲ್ಲಿ ಒಣಗಿಸುವ ಯಂತ್ರ ತರುವ ಚರ್ಚೆ ನಡೆದಾಗ, ಯಂತ್ರಕ್ಕೆ ಸಹಾಯಧನ ಸಿಗುವುದು ಸುಲಭವೆಂದು ತಿಳಿಯಿತು. ಕಷ್ಟ ಬಂದದ್ದು ವಿದ್ಯುತ್ತಿನಲ್ಲಿ. ಪಂಪ್‌ಸೆಟ್ ಮಾರ್ಗದಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ಪ್ರತ್ಯೇಕ ಮಾರ್ಗ ಎಳೆಸಿಕೊಂಡರೆ ಕಂಬ, ಪರಿವರ್ತಕದ ಖರ್ಚು ನಮ್ಮದು. ಎರಡು ಮೂರು ತಿಂಗಳು ಓಡುವ ಯಂತ್ರಕ್ಕೆ ಹನ್ನೆರಡು ತಿಂಗಳು ನಿಗದಿತ ಶುಲ್ಕ ಕಟ್ಟಬೇಕೆಂದರು. ಹಂಗಾಮಿ ಕೈಗಾರಿಕೆಗಳಿಗೆ ವಿದ್ಯುತ್ ದರಪಟ್ಟಿಯಲ್ಲಿ ರಿಯಾಯಿತಿ ಇದೆಯೆಂದು ನಮಗೆ ಆ ಕಚೇರಿಯಲ್ಲಿ ಯಾರೂ ಹೇಳಲಿಲ್ಲ.

ಲೆಕ್ಕಪುಸ್ತಕ, ದಾವಣಗೆರೆ

ಜಗಳೂರಿನವರೇ, ನೀರಿನ ವಿಷಯದಲ್ಲಿ ತಮ್ಮೊಂದಿಗೆ ವಾದವಿಲ್ಲ. ಆದರೆ ಭದ್ರಾ ಮೇಲ್ದಂಡೆಯಾಗಲಿ, 2011–12ರಲ್ಲಿ ಮಂಜೂರಾಗಿ ಇನ್ನೂ ನಡೆಯುತ್ತಿರುವ ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ರೈಲು ಮಾರ್ಗವಾಗಲಿ ದೆಹಲಿ ಮತ್ತು ಬೆಂಗಳೂರಿನ ಕೈಯಲ್ಲಿವೆ. ಅವುಗಳಿಗಾಗಿ ಒತ್ತಾಯಿಸುತ್ತಲೇ ಇರಬೇಕು. ಆದರೆ ಅವು ಬರುವ ತನಕ ಜಿಲ್ಲೆಯ ಕೈಯಲ್ಲೇ ಇರುವ ಕೆಲಸಗಳನ್ನೂ ಮುಂದೂಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ತಾವು ಹೇಳಿದ ಒಣಗಿಸುವ ಯಂತ್ರದ ಸಂಗತಿಯನ್ನೇ ನೋಡಿ. ಹಂಗಾಮಿ ರಿಯಾಯಿತಿಯ ಅರ್ಜಿ, ಪರಿವರ್ತಕದ ಖರ್ಚಿನ ಹಂಚಿಕೆ, ಎಪಿಎಂಸಿ ಪ್ರಾಂಗಣದಲ್ಲಿ ಖಾಲಿ ಬಿದ್ದಿರುವ ಜಾಗದಲ್ಲಿ ಸಾಮೂಹಿಕ ಒಣಗಿಸುವ ಕೇಂದ್ರ, ಇವು ಮೂರೂ ಜಿಲ್ಲಾ ಸಭೆಯೊಂದರಲ್ಲಿ ತೀರ್ಮಾನವಾಗಬಲ್ಲ ಮಾತುಗಳು. ಒಣಗಿದ ಜೋಳವನ್ನು ನೋಂದಾಯಿತ ಗೋದಾಮಿನಲ್ಲಿಟ್ಟು ಅದರ ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ವ್ಯವಸ್ಥೆಗೆ 2007ರಲ್ಲೇ ಕಾಯ್ದೆ ಬಂದಿದೆ. ಸಾಲ ಸಿಕ್ಕಿದರೆ ಕೊಯ್ಲಿನ ವಾರವೇ ಮಾರುವ ಒತ್ತಡ ಇಳಿಯುತ್ತದೆ.

ಚಳ್ಳಕೆರೆ ಗಾಣ

ಎಣ್ಣೆಯ ಊರಿನಿಂದ ಒಂದು ಮಾತು. ನಮ್ಮ ಮಿಲ್ಲುಗಳು ಒಂದೊಂದಾಗಿ ನಿಂತದ್ದಕ್ಕೆ ಜಿಲ್ಲಾಡಳಿತವನ್ನು ದೂರುವುದು ನ್ಯಾಯವಲ್ಲ. ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬಂದಾಗ ಶೇಂಗಾ ಎಣ್ಣೆ ತೂಗಲಾರದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿದರು, 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಸಿದರು. ಹೀಗೆ ವರ್ಷದೊಳಗೇ ಬದಲಾಗುವ ಸುಂಕವನ್ನು ನಂಬಿ ಕಾಯಿ ಖರೀದಿಸಿ ದಾಸ್ತಾನು ಮಾಡುವ ಧೈರ್ಯ ಯಾರಿಗಿದೆ? ಜಿಲ್ಲೆ ಮಾಡಬಹುದಾದದ್ದು ಇಷ್ಟು: ಶೇಂಗಾದಲ್ಲಿ ಬೂಷ್ಟಿನಿಂದ ಹುಟ್ಟುವ ವಿಷವನ್ನು ಪರೀಕ್ಷಿಸುವ ಪ್ರಯೋಗಾಲಯವೊಂದು ಚಳ್ಳಕೆರೆ ಮಾರುಕಟ್ಟೆಯ ಹತ್ತಿರವೇ ಇರಲಿ. ಚಿಕ್ಕಿ, ಹುರಿದ ಶೇಂಗಾ, ಗಾಣದ ಎಣ್ಣೆ ಮಾಡುವ ಸಣ್ಣವರಿಗೆ ದೊಡ್ಡ ಖರೀದಿದಾರರು ಮೊದಲು ಕೇಳುವುದು ಆ ವರದಿಯನ್ನೇ.

ಅರ್ಥಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ

ಚರ್ಚೆ ಉಪಯುಕ್ತವಾಗಿದೆ. ಆದರೆ ವಿಷಯ ಆರಂಭಿಸಿದವರ ಆಶಯಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನ್ನಿಸುತ್ತದೆ. ಉದ್ದಿಮೆದಾರನ ಕಣ್ಣಿಗೆ ತೊಡಕಾಗಿ ಕಾಣುವುದು ಇನ್ನೊಬ್ಬರಿಗೆ ರಕ್ಷಣೆಯಾಗಿರಬಹುದು, ಮತ್ತು ಇದನ್ನು ನಮ್ಮ ಜಿಲ್ಲೆಯಷ್ಟು ಕಠಿಣವಾಗಿ ಕಲಿತವರು ಕಡಿಮೆ.

ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಯಾವ ತಡೆಯೂ ಇಲ್ಲದಂತೆ ನಡೆದ ವರ್ಷಗಳ ಪರಿಣಾಮವಾಗಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಆಗ ಕೆಲಸ ಕಳೆದುಕೊಂಡವರು ಲಾರಿ ಚಾಲಕರು, ಕ್ಲೀನರುಗಳು, ರಸ್ತೆ ಬದಿಯ ಹೋಟೆಲಿನವರು. ನಿಯಮ ಮುರಿದು ಲಾಭ ಮಾಡಿಕೊಂಡವರಲ್ಲ. ಹಾಗೆಯೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲಿನ ಅಮೃತ್ ಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸಾವಿರಾರು ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ, ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಹೋಯಿತು. ಸರ್ಕಾರದ ದಾಖಲೆಯಲ್ಲಿ ಅದು ತಂಟೆಯಿಲ್ಲದ ಜಾಗ. ಆ ಕಾವಲಿನಲ್ಲಿ ಕುರಿ ಮೇಯಿಸಿ, ಉಣ್ಣೆ ತೆಗೆದು, ಕಂಬಳಿ ನೇಯ್ದು ಬದುಕುತ್ತಿದ್ದ ಊರುಗಳಿಗೆ ಅದೇ ಅವರ ಸ್ಥಳೀಯ ಆರ್ಥಿಕತೆಯಾಗಿತ್ತು. ಆ ಸಂಸ್ಥೆಗಳು ದೇಶಕ್ಕೆ ಬೇಕು, ನಾನು ವಿರೋಧಿಸುವುದಿಲ್ಲ. ಹುಲ್ಲುಗಾವಲಿನ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದು ನನ್ನ ದುಃಖ.

ಕೈಗಾರಿಕಾ ಸೌಲಭ್ಯ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪ್ರಮಾಣಪತ್ರ ಸಲ್ಲಿಸಿ ತಾತ್ವಿಕ ಒಪ್ಪಿಗೆ ಪಡೆದವರು ರಾಜ್ಯದ ಹಲವು ಅನುಮತಿಗಳಿಗೆ ಕಾಯದೆ ಕಾಮಗಾರಿ ಆರಂಭಿಸಬಹುದು, ಮೂರು ವರ್ಷದೊಳಗೆ ಅವನ್ನು ಪಡೆದುಕೊಳ್ಳಬಹುದು. ದೊಡ್ಡವರು ವಕೀಲರನ್ನು ಇಟ್ಟುಕೊಂಡು ಇದರ ಉಪಯೋಗ ಪಡೆಯುತ್ತಾರೆ. ಪೌತಿ ಖಾತೆಗೆ ಅಲೆಯುತ್ತಿರುವ ಸಿರಿಧಾನ್ಯದ ಹುಡುಗನಿಗೆ ಇದು ತಲುಪುವುದಿಲ್ಲ, ಏಕೆಂದರೆ ಅವನ ಕಷ್ಟ ಅನುಮತಿಯದಲ್ಲ, ಹಕ್ಕುಪತ್ರದ್ದು.

ಇನ್ನೊಂದು ವಿಷಯ. 2015ರ ನಂತರ, ಗಣಿ ಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಗುತ್ತಿಗೆದಾರರು ರಾಜಧನದ ಮೇಲೆ, ಹಳೆಯ ಗುತ್ತಿಗೆಗಳಾದರೆ ಶೇ 30, ಹರಾಜಿನಲ್ಲಿ ಪಡೆದವಾದರೆ ಶೇ 10 ಕೊಡಬೇಕು. ಈ ಹಣ ಚಿತ್ರದುರ್ಗದಂಥ ಜಿಲ್ಲೆಗೆ ಸಣ್ಣದಲ್ಲ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ್ಯಕ್ಕೆ ಆದ್ಯತೆ ಎಂದು ಮಾರ್ಗಸೂಚಿ ಹೇಳುತ್ತದೆ. ಗಣಿ ಬಾಧಿತ ಹಳ್ಳಿಗಳ ಯುವಕರಿಗೆ ಅದಿರು ಮುಗಿದ ಮೇಲೂ ಉಳಿಯುವ ಕಸುಬು ಕಲಿಸಲು ಇದರ ಒಂದು ಭಾಗವನ್ನು ಕಡ್ಡಾಯವಾಗಿ ಮೀಸಲಿಡಬೇಕು. ಹರಿಹರದ ಲೇತ್ ಶೆಡ್ಡುಗಳು ಒಂದು ಗಂಟೆಯ ದಾರಿ ಅಷ್ಟೇ.

ಹೆಣ್ಣುಮಕ್ಕಳ ಬಗ್ಗೆಯೂ ಹೇಳಬೇಕು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಾವಣಗೆರೆಯ ಗಾರ್ಮೆಂಟ್ಸ್‌ಗೆ ಹೋಗಿಬರುವ ಖರ್ಚು ಇಳಿಯಿತು. ನನ್ನ ವಿದ್ಯಾರ್ಥಿನಿಯರ ತಾಯಂದಿರು ಹಲವರು ಇದರಿಂದಲೇ ದುಡಿಮೆಗೆ ಹೊರಟರು. ಆದರೆ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲ. ವೇಳಾಪಟ್ಟಿಯನ್ನು ಅರ್ಧ ಗಂಟೆ ಬದಲಿಸುವುದು ಕೂಡ ಕೈಗಾರಿಕಾ ನೀತಿಯೇ.

ಭಟ್ಟಿ ಮನೆ, ದಾವಣಗೆರೆ

ಮೇಡಂ, ರಕ್ಷಣೆ ಮತ್ತು ತೊಡಕಿನ ಬಗ್ಗೆ ತಾವು ಬರೆದದ್ದನ್ನು ಓದಿ ನಮ್ಮ ಓಣಿಯ ವಿಷಯ ಹೇಳಬೇಕೆನ್ನಿಸಿತು. ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಮಂಡಕ್ಕಿ ಅರಳುತ್ತದೆ. ಬಾಣಲೆಯ ಮುಂದೆ ನಿಂತವರ ಮುಂಗೈ ಕೂದಲು ವರ್ಷವಿಡೀ ಸುಟ್ಟೇ ಇರುತ್ತದೆ. ಹೊಗೆಯ ವಿರುದ್ಧ ಅಕ್ಕಪಕ್ಕದವರು ದೂರು ಕೊಡುತ್ತಾರೆ, ಅವರ ದೂರು ಸರಿಯಾದದ್ದೇ. ಆ ಹೊಗೆ ಮೊದಲು ಹೋಗುವುದು ನಮ್ಮ ಮಕ್ಕಳ ಎದೆಗೆ.

ಹೊಗೆ ಕಡಿಮೆ ಮಾಡುವ ಒಲೆ ಹಾಕಬೇಕೆಂದು ನಮಗೂ ಆಸೆಯಿದೆ. ಒಲೆಗೆ ಸಾಲ ಬೇಕು. ಸಾಲಕ್ಕೆ ಉದ್ದಿಮೆ ಪರವಾನಗಿ ಬೇಕು. ಪರವಾನಗಿ ಕೇಳಿದರೆ ಇದು ವಾಸದ ಬಡಾವಣೆ ಎನ್ನುತ್ತಾರೆ. ಪರವಾನಗಿಯಿಲ್ಲದ್ದರಿಂದ ನಾವು ಯಾವ ಯೋಜನೆಯ ಲೆಕ್ಕಕ್ಕೂ ಇಲ್ಲ, ಲೆಕ್ಕಕ್ಕಿಲ್ಲದ್ದರಿಂದ ಹಳೆಯ ಒಲೆಯಲ್ಲೇ ಹೊಟ್ಟು ಉರಿಸುತ್ತೇವೆ, ಉರಿಸಿದ್ದರಿಂದ ನೋಟಿಸ್ ಬರುತ್ತದೆ. ಊರಾಚೆಗೆ ಸ್ಥಳಾಂತರಿಸುವ ಮಾತು ಆಗಾಗ ಬರುತ್ತದೆ. ಹೋಗಲು ಸಿದ್ಧರಿದ್ದೇವೆ, ಆದರೆ ಭಟ್ಟಿಯ ಅರ್ಧ ಕೆಲಸ ಮಾಡುವ ಹೆಂಗಸರು ಮನೆಯಲ್ಲಿ ಮಗುವನ್ನು ಮಲಗಿಸಿ ನಡೆದು ಬರುವವರು. ಶೆಡ್ ಮಾತ್ರ ಕಟ್ಟಿ, ಬಸ್ಸು ಮತ್ತು ಕೂಸಿನ ಮನೆ ಇಲ್ಲದೆ ಕಳುಹಿಸಿದರೆ ಅವರು ಕೆಲಸ ಕಳೆದುಕೊಳ್ಳುತ್ತಾರೆ. ಭಟ್ಟಿ ಹಾಕಿದವನ ಜೊತೆ ಮಾತ್ರ ಮಾತನಾಡಿ ಸ್ಥಳಾಂತರ ನಿರ್ಧರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ

ಭಟ್ಟಿ ಮನೆಯ ತಂಗಿಯವರು ಬರೆದ ಸುತ್ತು ನಿಜವಾದದ್ದು, ಅದನ್ನು ಬ್ಯಾಂಕಿನ ಕೌಂಟರಿನ ಈ ಕಡೆಯಿಂದ ನಾನು ನೋಡಿದ್ದೇನೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಆಧಾರ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಸೂಚಿಸಿತ್ತು. ಸಾಲ ಕೆಟ್ಟರೆ ಬ್ಯಾಂಕಿಗೆ ಭರಿಸಿಕೊಡುವ ಸಾಲ ಖಾತರಿ ನಿಧಿಯೂ ಇದೆ. ಹಾಗಿದ್ದರೂ ಶಾಖೆಯಲ್ಲಿ ಮೊದಲು ಕೇಳುವುದು ಇ-ಸ್ವತ್ತನ್ನೇ. ಸಾಲ ಕೆಟ್ಟರೆ ಉತ್ತರ ಕೊಡಬೇಕಾದವನು ವ್ಯವಸ್ಥಾಪಕ, ಸಾಲ ಕೊಡದಿದ್ದರೆ ಯಾರೂ ಅವನನ್ನು ಕೇಳುವುದಿಲ್ಲ. ಈ ಅಸಮತೋಲನ ಇರುವ ತನಕ ಸುತ್ತೋಲೆಗಳಿಂದ ಏನೂ ಆಗದು.

ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಿಸುವ ಲೀಡ್ ಬ್ಯಾಂಕಿನ ಜಿಲ್ಲಾ ಸಲಹಾ ಸಮಿತಿಯಲ್ಲಿ ಮೂರು ತಿಂಗಳಿಗೊಮ್ಮೆ ಸಾಲದ ಗುರಿ ಮತ್ತು ಸಾಧನೆ ಓದುತ್ತಾರೆ. ತಿರಸ್ಕರಿಸಿದ ಅರ್ಜಿಗಳ ಕಾರಣವನ್ನು ಓದುವುದಿಲ್ಲ. ಶಾಖೆವಾರು ತಿರಸ್ಕಾರದ ಕಾರಣಗಳನ್ನು ಆ ಸಭೆಯಲ್ಲಿ ಓದಿಸಿದರೆ ಶಾಖೆಗಳ ವರ್ತನೆ ಬದಲಾಗುತ್ತದೆ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಸಭೆಗಳಲ್ಲಿ ಕುಳಿತವನು ನಾನು.

ಮೊಳಕಾಲ್ಮೂರು ಮಗ್ಗ

ನಮ್ಮ ಸೀರೆಗೆ ಈ ಊರಿನದೇ ಎಂಬ ಗುರುತಾದ ಭೌಗೋಳಿಕ ಸೂಚಕ ಸಿಕ್ಕಿ ಬಹಳ ವರ್ಷವಾಯಿತು. ಆದರೆ ಅದೇ ಹೆಸರಿನಲ್ಲಿ ಪವರ್‌ಲೂಮ್ ಸೀರೆ ಮಾರುವವರನ್ನು ಹಿಡಿದು ಕೇಳುವ ಅಧಿಕಾರಿ ಜಿಲ್ಲೆಯಲ್ಲಿ ಯಾರು ಎಂದು ನಮಗೆ ಇಂದಿಗೂ ಗೊತ್ತಿಲ್ಲ. ಗುರುತು ಕೊಟ್ಟರೆ ಸಾಲದು, ಕಾಯುವವರೂ ಬೇಕು. ಈ ಸಾಲನ್ನು ತಮ್ಮ ಪಟ್ಟಿಗೆ ಸೇರಿಸಿ.

ಲೆಕ್ಕಪುಸ್ತಕ, ದಾವಣಗೆರೆ

ಉಪನ್ಯಾಸಕಿಯವರ ಎಚ್ಚರಿಕೆಯನ್ನೂ, ಭಟ್ಟಿ ಮನೆಯವರ ಮಾತನ್ನೂ ಒಟ್ಟಿಗೆ ಓದಿದಾಗ ನನ್ನ ಬೇಡಿಕೆ ಇನ್ನಷ್ಟು ಖಚಿತವಾಯಿತು. ನಾನು ಕೇಳುತ್ತಿರುವುದು ನಿಯಮ ಸಡಿಲಿಸಲು ಅಲ್ಲ. ಹೊಗೆ ನಿಯಂತ್ರಣದ ನಿಯಮ ಇರಲಿ. ಅದನ್ನು ಪಾಲಿಸಲು ಬೇಕಾದ ಸಾಲದ ದಾರಿಯನ್ನು ಇನ್ನೊಂದು ಇಲಾಖೆ ಮುಚ್ಚಬಾರದು. ಎರಡು ಇಲಾಖೆಗಳ ನಿಯಮ ಒಂದಕ್ಕೊಂದು ಅಡ್ಡ ನಿಂತ ಕಡೆ ತೀರ್ಮಾನ ಮಾಡುವವರು ಇಂದು ಯಾರೂ ಇಲ್ಲ. ಜಿಲ್ಲಾಧಿಕಾರಿಗಳ ಸಮಿತಿ ಆ ಜಾಗ ತುಂಬಬೇಕು.

ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರಿಗೆ ಕೊಡಲು ಮನವಿಯೊಂದನ್ನು ಬರೆಯುತ್ತಿದ್ದೇನೆ. ನಿಂತಿರುವ ಕಡತಗಳ ಪ್ರಕಟಣೆ, ಸರ್ಕಾರಿ ಬಾಕಿಯ ಮಾಸಿಕ ಪರಿಶೀಲನೆ, ಬ್ಯಾಂಕ್ ತಿರಸ್ಕಾರದ ಕಾರಣಗಳ ಓದು, ಎಪಿಎಂಸಿಯಲ್ಲಿ ಒಣಗಿಸುವ ಕೇಂದ್ರ, ಘಟಕ ಹಾಕುವ ಜಮೀನಿನ ಪೌತಿ ಖಾತೆ ಮತ್ತು ಪೋಡಿಗೆ ಭೂಮಾಪಕರ ಪ್ರತ್ಯೇಕ ಸರದಿ, ಮಂಡಕ್ಕಿ ಭಟ್ಟಿಗಳಿಗೆ ಹೊಸ ಒಲೆ ಹಾಕುವ ಷರತ್ತಿನ ಮೇಲೆ ತಾತ್ಕಾಲಿಕ ಪರವಾನಗಿ, ಇವಿಷ್ಟು ಅದರಲ್ಲಿರುತ್ತವೆ. ಚಿತ್ರದುರ್ಗದವರು ಚಳ್ಳಕೆರೆಯ ಪ್ರಯೋಗಾಲಯ, ಮೊಳಕಾಲ್ಮೂರಿನ ಸೀರೆ ಮತ್ತು ಖನಿಜ ಪ್ರತಿಷ್ಠಾನದ ವಿಷಯ ಸೇರಿಸಿ ತಮ್ಮ ಜಿಲ್ಲೆಯಲ್ಲಿ ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು. 1997ರ ತನಕ ನಾವೆಲ್ಲ ಬಹುಪಾಲು ಒಂದೇ ಜಿಲ್ಲೆಯವರು, ಮನವಿಗಳ ಧಾಟಿ ಒಂದೇ ಇರಲಿ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ

ಒಂದು ತಿದ್ದುಪಡಿ ಸೂಚಿಸುತ್ತೇನೆ. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕುವ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಆದರೆ ಅವಧಿ ಮುಗಿಯುವ ಹೊತ್ತಿಗೆ ಸಣ್ಣ ಆಕ್ಷೇಪವೊಂದನ್ನು ಬರೆದು ಅರ್ಜಿ ಹಿಂದಿರುಗಿಸಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ದಾಖಲೆಯಲ್ಲಿ ವಿಳಂಬವೇ ಕಾಣುವುದಿಲ್ಲ. ತಮ್ಮ ಪ್ರಕಟಣೆಯಲ್ಲಿ ಮೊದಲ ಅರ್ಜಿಯ ದಿನಾಂಕವನ್ನೇ ಹಿಡಿಯಬೇಕು, ಆಕ್ಷೇಪಗಳನ್ನೆಲ್ಲ ಒಂದೇ ಸಲ ಬರೆಯಬೇಕು ಎಂದು ಸೇರಿಸಿ.

ಜಗಳೂರು ಸೀಮೆ

ಒಣಗಿಸುವ ಕೇಂದ್ರದ ಸಾಲಿನಲ್ಲಿ ಹಂಗಾಮಿ ವಿದ್ಯುತ್ ರಿಯಾಯಿತಿಯ ಮಾತನ್ನೂ ಬರೆಯಿರಿ. ಮುಂಗಾರು ಬಿತ್ತನೆಗೆ ಮೊದಲೇ ಮನವಿ ತಲುಪಲಿ. ನಮ್ಮ ಸಂಸ್ಥೆಯ ಸದಸ್ಯರ ಸಹಿಗಳನ್ನು ನಾನು ತಂದುಕೊಡುತ್ತೇನೆ.

ಲೆಕ್ಕಪುಸ್ತಕ, ದಾವಣಗೆರೆ

ಎರಡನ್ನೂ ಸೇರಿಸಿದ್ದೇನೆ. ಮೊದಲ ಅರ್ಜಿಯ ದಿನಾಂಕದ ಅಂಶವನ್ನು ಮನವಿಯ ಮೊದಲ ಬೇಡಿಕೆಯಾಗಿಯೇ ಇಟ್ಟಿದ್ದೇನೆ. ಸಹಿ ಹಾಕುವವರು ತಮ್ಮ ಘಟಕದ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಭಟ್ಟಿಯವರಂತೆ ನೋಂದಣಿ ಇಲ್ಲದವರು ಹಾಗೆಂದೇ ಬರೆದು ಸಹಿ ಮಾಡಬಹುದು.